ವಾಡಿಯ ಮಾತೆಯ ಪಟ ಮತ್ತು ಒಂದು ಕೊಲ್ಹಾಪುರಿ ಚಪ್ಪಲಿ: ಮನೆಯ ಹಳೆ ಚಿತ್ರ ನೋಡಿಕೊಳ್ಳುವ ಬಗೆ

"ಮಾಸ್ತರ, ನಮ್ಮ ಮಾತೆ ಮಾರಿ ಕರ್ರಗ ಆಗ್ಯದ. ಜರಾ ಬಂದು ನೋಡ್ತೀರೇನ್ರಿ?"

ಏಪ್ರಿಲ್‌ನ ಒಂದು ಮಧ್ಯಾಹ್ನ, ಕಲಬುರಗಿ ಹತ್ತಿರದ ರೈಲ್ವೆ ಊರು ವಾಡಿಯಿಂದ ಬಂದ ಫೋನ್ ಇದು. ಮಾತಾಡಿದವರಿಗೆ ಎಂಬತ್ತರ ಹತ್ತಿರ ವಯಸ್ಸು. ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು, ತೀರಿಕೊಂಡು ಬಹಳ ವರ್ಷವಾಯಿತು. ಪಟ ತಗೊಂಡು ಕಲಬುರಗಿಗೆ ಬನ್ನಿ, ನಮ್ಮನೆ ಬ್ರಹ್ಮಪುರದಲ್ಲಿದೆ ಅಂದೆ. "ಇಲ್ರೀ. ಲಗ್ನ ಆದ ವರ್ಷ ಬರೆಸಿದ್ದು. ಅವತ್ತಿನಿಂದ ಮಾತೆ ಈ ಮನಿ ಹೊಸ್ತಿಲ ದಾಟಿಲ್ಲ. ನೀವೇ ಬರ್ರಿ, ಊಟ ಇಲ್ಲೇ ಮಾಡೀರಂತ."

ನಾನು ರಿಟೈರ್ ಆದ ಡ್ರಾಯಿಂಗ್ ಮಾಸ್ತರ. ಕಲಬುರಗಿ, ಯಾದಗಿರಿ ಕಡೆಯ ಹೈಸ್ಕೂಲುಗಳಲ್ಲಿ 31 ವರ್ಷ ಮಕ್ಕಳಿಗೆ ಮಾವಿನಕಾಯಿ, ಮಣ್ಣಿನ ಗಡಿಗೆ ಬರೆಯೋದು ಕಲಿಸಿದೆ. ಆಮೇಲೆ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾಗ, ಹಳೆ ಚಿತ್ರಗಳ ದುರಸ್ತಿ ಮಾಡುವ ಒಬ್ಬರ ಪಕ್ಕ ಎಂಟು ತಿಂಗಳು ಕೂತು ಹತ್ತಿ ಸುತ್ತಿದೆ. ನಿಜವಾಗಿಯೂ ಹತ್ತಿಯನ್ನೇ ಸುತ್ತಿದ್ದು, ಬಿದಿರು ಕಡ್ಡಿಗೆ. ಮೊದಲ ಮೂರು ತಿಂಗಳು ಬೇರೆ ಕೆಲಸ ಮುಟ್ಟಗೊಡಲಿಲ್ಲ. ಹಾಗಾಗಿ ನಾನು ದೊಡ್ಡ ತಜ್ಞ ಅಲ್ಲ. ಆದರೆ ಯಾವುದನ್ನು ಮುಟ್ಟಬಾರದು ಅನ್ನೋದು ಚೆನ್ನಾಗಿ ಗೊತ್ತಿದೆ. ಮನೆಯಲ್ಲಿ ಮಾತೆ ಮರಿಯಳದೋ ಯೇಸುವಿನ ಪವಿತ್ರ ಹೃದಯದ್ದೋ ಹಳೆ ಪಟ ಇದ್ದವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಶರಣಬಸವೇಶ್ವರರ ಪಟ ಇದ್ದವರೂ ಓದಬಹುದು, ಮಸಿಗೆ ಜಾತಿ ಇಲ್ಲ.

ಮೊದಲು ಮಾಡಬೇಕಾದ್ದು ಫೋಟೋ ತೆಗೆಯೋದು. ಪಟ ಗೋಡೆಯಿಂದ ಇಳಿಸುವ ಮುಂಚೆ ಒಂದು, ಇಳಿಸಿದ ಮೇಲೆ ಕಿಟಕಿ ಬೆಳಕಿನಲ್ಲಿ ನೇರವಾಗಿ ಒಂದು. ಫ್ಲ್ಯಾಶ್ ಬೇಡ. ಹಿಂಭಾಗದ್ದು, ನಾಲ್ಕು ಅಂಚಿನದ್ದು ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆ ಟೇಪು ಇಟ್ಟರೆ ಇನ್ನೂ ಒಳ್ಳೆಯದು. ಇಷ್ಟಾದ ಮೇಲೆ ಕಿಟಕಿ ಬಾಗಿಲು ಮುಚ್ಚಿ, ಲೈಟ್ ಆರಿಸಿ, ಟಾರ್ಚನ್ನು ಚಿತ್ರದ ಪಕ್ಕದಲ್ಲಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಎದುರಿನಿಂದ ನೋಡಿದಾಗ ನುಣುಪಾಗಿ ಕಂಡ ಚಿತ್ರ ಆಗ ಬೇರೆಯೇ ಕಾಣುತ್ತದೆ. ಉಬ್ಬು, ತಗ್ಗು, ಬಿರುಕು, ಎದ್ದ ಬಣ್ಣ ಎಲ್ಲದಕ್ಕೂ ನೆರಳು ಬೀಳುತ್ತದೆ.

ವಾಡಿಯಲ್ಲಿ ಹಾಗೆ ಟಾರ್ಚ್ ಹಿಡಿದಾಗ ಎದೆ ಧಸಕ್ ಅಂತು. ಕೆಳಗಿನ ಎಡಮೂಲೆಯಲ್ಲಿ, ಮೇಣದಬತ್ತಿ ಹಚ್ಚುವ ಹಲಗೆ ಇದ್ದ ಕಡೆ, ಅಂಗೈಯಗಲ ಬಣ್ಣ ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರಿನ ಹಾಗೆ ಹೋಳು ಹೋಳಾಗಿ ಅಂಚೆತ್ತಿ ನಿಂತಿತ್ತು. ಅಲ್ಲಿ ಒಂದು ಸಲ ಬಟ್ಟೆಯಿಂದ ಒರೆಸಿದ್ದರೆ ಬಣ್ಣ ಬಟ್ಟೆಗೇ ಬಂದುಬಿಡುತ್ತಿತ್ತು. ನಿಮ್ಮ ಪಟದಲ್ಲೂ ಹೀಗೆ ಎದ್ದ ಬಣ್ಣ ಕಂಡರೆ ಆ ಜಾಗವನ್ನು ಕುಂಚದಿಂದಲೂ ಮುಟ್ಟಬೇಡಿ. ಪಟವನ್ನು ಮಲಗಿಸಿ, ಮುಖ ಮೇಲೆ ಮಾಡಿ, ಮೇಲೆ ಏನೂ ಬೀಳದ ಕಡೆ ಇಡಿ.

ಇನ್ನು, ಅದು ಕೈಯಲ್ಲಿ ಬರೆದ ಚಿತ್ರವೋ ಅಚ್ಚು ಹಾಕಿದ್ದೋ ಗೊತ್ತಾಗಬೇಕು. ಒಂದು ಭೂತಗನ್ನಡಿ ತಗೊಂಡು ಕೆನ್ನೆಯ ಭಾಗ ನೋಡಿ. ಸಾಲಾಗಿ ಸಣ್ಣ ಸಣ್ಣ ಬಣ್ಣದ ಚುಕ್ಕೆ ಕಂಡರೆ ಆಫ್‌ಸೆಟ್ ಅಚ್ಚು. ಚುಕ್ಕೆಗಳು ಅಡ್ಡಾದಿಡ್ಡಿ, ಮರಳು ಚೆಲ್ಲಿದ ಹಾಗಿದ್ದರೆ ಕಲ್ಲಚ್ಚು ಇರಬಹುದು, ಅಂದರೆ ಹಳೆಯದು. ಆ ಕಲ್ಲಚ್ಚಿನಲ್ಲೇ ಓಲಿಯೋಗ್ರಾಫ್ ಅಂತ ಒಂದು ಜಾತಿ. ಎಣ್ಣೆ ಬಣ್ಣದ ಚಿತ್ರದ ಹಾಗೆ ಕಾಣಲಿ ಅಂತ ಕಾಗದದ ಮೇಲೆ ವಾರ್ನಿಷ್ ಬಳಿದು, ಕೆಲವಕ್ಕೆ ಕ್ಯಾನ್ವಾಸಿನ ನೇಯ್ಗೆಯ ಉಬ್ಬನ್ನೂ ಒತ್ತುತ್ತಿದ್ದರು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಪ್ರೆಸ್ಸಿನಿಂದ ಲಕ್ಷ್ಮಿ ಸರಸ್ವತಿಯರು ಮನೆ ಮನೆಗೆ ಬಂದದ್ದು ಹೀಗೇ. ಯುರೋಪಿನ ಪ್ರೆಸ್ಸುಗಳಿಂದ ಪವಿತ್ರ ಹೃದಯದ ಪಟಗಳು ಬಂದದ್ದೂ ಹೀಗೇ.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ ನಾನೇ ಒಂದು ಸಲ ಮೋಸ ಹೋಗಿದ್ದೇನೆ. ನೌಕರಿಗೆ ಸೇರಿದ ಹೊಸತರಲ್ಲಿ ಜೊತೆಯ ಟೀಚರೊಬ್ಬರು ಅವರ ಮನೆಯ ಪವಿತ್ರ ಹೃದಯದ ಪಟ ತಂದುಕೊಟ್ಟರು. ರೋಮಿನ ಜೆಸು ಚರ್ಚಿನಲ್ಲಿ ಪೊಂಪೇಯೊ ಬಾತೋನಿ 1767ರಲ್ಲಿ ಬರೆದ ಚಿತ್ರ ಇದೆ. ಒಂದು ಕೈಯಲ್ಲಿ ಉರಿಯುವ ಹೃದಯ ಹಿಡಿದ ಯೇಸು. ನಮ್ಮ ಕಡೆಯ ಎಷ್ಟೋ ಪಟಗಳು ಅದರ ಮರಿಮಕ್ಕಳೇ. ಇದೂ ಅಂಥದ್ದೇ. ಮೇಲೆ ಹೊಳಪಿತ್ತು, ನೇಯ್ಗೆ ಕಂಡಿತು. ಎಣ್ಣೆ ಬಣ್ಣ ಅಂದುಕೊಂಡು ಹತ್ತಿಗೆ ಟರ್ಪೆಂಟೈನ್ ಹಾಕಿ ತಿಕ್ಕಿದೆ. ಕೊಳೆ ಬಂತು, ಖುಷಿಯಾಯಿತು. ಇನ್ನೊಂದು ಸಲ ತಿಕ್ಕಿದೆ. ಹೃದಯದ ಕೆಂಪು ಪೂರ್ತಿ ಹತ್ತಿಗೆ ಬಂತು. ಕೆಳಗೆ ಬರೀ ಕಾಗದ. ಆ ಟೀಚರ್ ಏನೂ ಅನ್ನಲಿಲ್ಲ. ಪಟ ತಗೊಂಡು ಹೋದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಅಚ್ಚಿನ ಪಟ ಆದರೆ ಮೇಲಿನ ಧೂಳು ಒಣ ಕುಂಚದಿಂದ ತೆಗೆಯಿರಿ, ಗಾಜು ಬಿಚ್ಚಿ ಗಾಜನ್ನು ಬೇರೆ ತೊಳೆಯಿರಿ. ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಕಾಗದಕ್ಕೆ ನೀರು ಬೇಡ. ಮುಗಿಯಿತು.

ವಾಡಿಯದು ಕೈಯಲ್ಲಿ ಬರೆದದ್ದೇ. ಮೂರು ಅಡಿ ಎತ್ತರ, ಎರಡು ಅಡಿ ಅಗಲ. ಹಿಂದಿನ ಪ್ಲೈವುಡ್ ಬಿಚ್ಚಿದರೆ ಮಾಂಜರಪಾಟ್, ಅಂದರೆ ಒರಟು ಹತ್ತಿ ಬಟ್ಟೆ ಕಂಡಿತು. ಬಟ್ಟೆಗೂ ಪ್ಲೈವುಡ್‌ಗೂ ನಡುವೆ ಒಂದು ಕನ್ನಡ ಪೇಪರ್ ಮಡಚಿ ಇಟ್ಟಿದ್ದರು. 1967ನೇ ಇಸವಿಯದು.

ಹಳೆ ಪಟದ ಚರಿತ್ರೆ ಇರೋದು ಬೆನ್ನಿನಲ್ಲಿ. ಎಲ್ಲರೂ ಮುಖ ನೋಡುತ್ತಾರೆ, ನೀವು ಬೆನ್ನು ನೋಡಿ. ಕಟ್ಟು (ಫ್ರೇಮ್) ಹಾಕಿದ ಅಂಗಡಿಯ ಚೀಟಿ, ಪೆನ್ಸಿಲ್‌ನಲ್ಲಿ ಬರೆದ ಅಳತೆ, ಮೊಳೆಯ ಜಾತಿ, ಪೇಪರಿನ ತಾರೀಕು, ಯಾವುದನ್ನೂ ಎಸೆಯಬೇಡಿ. ಹಳೇ ಕಸ ಅಂತ ಮನೆಯವರು ಅಲ್ಲೇ ಗುಡಿಸಿ ಹಾಕಲು ಬರುತ್ತಾರೆ, ತಡೆಯಿರಿ.

ವಾಡಿಯ ಆ ಪೇಪರಿನ ಮಡಿಕೆಯೊಳಗೆ ಒಂದು ಸಣ್ಣ ಪ್ರಾರ್ಥನೆ ಚೀಟಿ ಇತ್ತು. ಅಂಗೈಗಿಂತ ಚಿಕ್ಕದು. ನಿತ್ಯಸಹಾಯ ಮಾತೆಯ ಚಿತ್ರ, ಹಿಂದೆ ನೊವೇನ, ಅಂದರೆ ಒಂಬತ್ತು ಸಲ ಬಿಡದೆ ಮಾಡುವ ಪ್ರಾರ್ಥನೆ. ಚಿತ್ರದ ಮೇಲೆ ಪೆನ್ಸಿಲ್‌ನಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಚೌಕುಳಿ ಮಾಡಿದ್ದರು. ಅಡ್ಡಕ್ಕೆ ಎಂಟು, ಉದ್ದಕ್ಕೆ ಹನ್ನೆರಡು. ಅದನ್ನು ನೋಡಿದ ಕೂಡಲೇ ಬರೆದವರು ಯಾರಿರಬೇಕು ಅಂತ ಗೊತ್ತಾಯಿತು. ಹೆಸರಲ್ಲ, ಕಸುಬು. ಸಣ್ಣ ಫೋಟೋಗೆ ಚೌಕುಳಿ ಹಾಕಿ ದೊಡ್ಡದು ಮಾಡುವವರು ಸಿನಿಮಾ ಬ್ಯಾನರ್ ಬರೆಯುವವರು.

"ಹೌದ್ರಿ," ಅಂದರು ಅಮ್ಮ. "ಗುಲ್ಬರ್ಗದಾಗ ಟಾಕೀಸಿಗೆ ಬೋರ್ಡ್ ಬರೀತಿದ್ದನಂತ. ನಮ್ಮವರು ಬಾಂಬೆಗೆ ಡ್ಯೂಟಿ ಮ್ಯಾಲ ಹೋದಾಗ ಮಾಹೀಮ್ ಚರ್ಚಿಂದ ಈ ಚೀಟಿ ತಂದು ಅವನ ಕೈಯಾಗ ಕೊಟ್ಟಿದ್ರು."

ಮಾಹೀಮಿನ ಸೇಂಟ್ ಮೈಕೆಲ್ ಚರ್ಚಿನಲ್ಲಿ ಬುಧವಾರದ ನೊವೇನ ಶುರುವಾದದ್ದು 1948ರಲ್ಲಿ. ಮುಂಬೈ ರೈಲು ಹಾದು ಹೋಗುವ ಊರುಗಳಿಗೆಲ್ಲ, ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ, ಈ ಮಾತೆ ರೈಲಿನಲ್ಲೇ ಬಂದಿರಬೇಕು ಅಂತ ನನ್ನ ಲೆಕ್ಕ. ಕಲಬುರಗಿಗೆ ತನ್ನದೇ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆದದ್ದು 2005ರಲ್ಲಿ. ಅದಕ್ಕಿಂತ ಹಿಂದಿನ ಮನೆ ಮನೆಯ ಭಕ್ತಿಯ ದಾಖಲೆ ಬಹಳ ಸಲ ಇಂಥ ಪಟದ ಬೆನ್ನಿನಲ್ಲೇ ಸಿಗೋದು.

ಈಗ ಮೂಲ ಚಿತ್ರದ ಕಥೆ. ನಿಮ್ಮ ಮನೆಯದು ಯಾವುದರ ನಕಲು ಅಂತ ಗೊತ್ತಿಲ್ಲದೆ ಯಾವುದು ಕೊಳೆ, ಯಾವುದು ಬಣ್ಣ ಅಂತ ತೀರ್ಮಾನಿಸಲು ಆಗಲ್ಲ. ನಿತ್ಯಸಹಾಯ ಮಾತೆಯ ಮೂಲ ಇರೋದು ರೋಮಿನ ಸಂತ ಅಲ್ಫೋನ್ಸರ ಚರ್ಚಿನಲ್ಲಿ. ಮರದ ಹಲಗೆಯ ಮೇಲೆ ಬರೆದದ್ದು, ಸುಮಾರು 54 ಸೆಂ.ಮೀ. ಎತ್ತರ, 41.5 ಸೆಂ.ಮೀ. ಅಗಲ, ಅಷ್ಟೇ. ಬಂಗಾರದ ಹಿನ್ನೆಲೆ. ಮಾತೆಗೆ ಕೆಂಪು ಅಂಗಿ, ಮೇಲೆ ಕಡು ನೀಲಿ ಹೊದಿಕೆ, ಹಣೆಯ ಮೇಲೆ ನಕ್ಷತ್ರ. ಮೇಲೆ ಎರಡೂ ಕಡೆ ದೇವದೂತರು. ನಮ್ಮ ಎಡಕ್ಕೆ ಮಿಕಾಯೇಲ, ಕೈಯಲ್ಲಿ ಈಟಿ ಮತ್ತು ಕೋಲಿನ ತುದಿಯ ಸ್ಪಂಜು. ಬಲಕ್ಕೆ ಗಬ್ರಿಯೇಲ, ಕೈಯಲ್ಲಿ ಶಿಲುಬೆ ಮತ್ತು ಮೊಳೆಗಳು. ಮಗು ಯೇಸು ಅದನ್ನು ನೋಡಿ ಹೆದರಿ ಅಮ್ಮನ ಕಡೆ ಓಡಿ ಬಂದಿದ್ದಾನೆ. ಎರಡೂ ಕೈಯಲ್ಲಿ ಅಮ್ಮನ ಕೈ ಹಿಡಿದಿದ್ದಾನೆ. ಓಡಿ ಬಂದ ರಭಸಕ್ಕೆ ಒಂದು ಕಾಲಿನ ಚಪ್ಪಲಿ ಕಳಚಿ ಜೋತಾಡುತ್ತಿದೆ. ಅಮ್ಮ ಮಗುವನ್ನು ನೋಡುತ್ತಿಲ್ಲ, ನಮ್ಮನ್ನು ನೋಡುತ್ತಿದ್ದಾಳೆ. ಸುತ್ತ ಗ್ರೀಕ್ ಅಕ್ಷರಗಳಿವೆ. ದೇವಮಾತೆ, ಯೇಸು ಕ್ರಿಸ್ತ ಅಂತ ಚುಟುಕಾಗಿ ಬರೆದದ್ದು. ವಾಡಿಯ ಪಟದಲ್ಲಿ ಆ ಅಕ್ಷರಗಳು ಬಳ್ಳಿಯ ಸುರುಳಿಗಳಾಗಿದ್ದವು. ಬ್ಯಾನರ್ ಕಲಾವಿದನಿಗೆ ಗ್ರೀಕ್ ಎಲ್ಲಿಂದ ಬರಬೇಕು!

ಸಂಪ್ರದಾಯ ಹೇಳುವ ಕಥೆ ಹೀಗಿದೆ. ಕ್ರೀಟ್ ದ್ವೀಪದ ಒಂದು ಚರ್ಚಿನಿಂದ ಒಬ್ಬ ವ್ಯಾಪಾರಿ ಇದನ್ನು ಕದ್ದು ರೋಮಿಗೆ ತಂದ. ಸಾಯುವಾಗ ಸ್ನೇಹಿತನನ್ನು ಕರೆದು, ಇದನ್ನು ಯಾವುದಾದರೂ ಚರ್ಚಿಗೆ ಒಪ್ಪಿಸಪ್ಪ ಅಂದ. ಸ್ನೇಹಿತನ ಹೆಂಡತಿ ಬಿಡಲಿಲ್ಲ. ಮಲಗುವ ಕೋಣೆಯಲ್ಲಿ ಇಟ್ಟುಕೊಂಡಳು. ಕೊನೆಗೆ ಅವಳ ಆರು ವರ್ಷದ ಮಗಳಿಗೆ ಮಾತೆ ಕಾಣಿಸಿಕೊಂಡು ಹೇಳಿದ ಮೇಲೆ, 1499ರ ಮಾರ್ಚ್ 27ರಂದು ಸಂತ ಮತ್ತಾಯರ ಚರ್ಚಿಗೆ ಬಂತು. ಈ ಕಥೆಯನ್ನು ಬರೆದ ಒಂದು ಹಾಳೆ ಹಿಂದೆ ಚಿತ್ರದ ಜೊತೆಗೇ ಇತ್ತಂತೆ.

ಅಲ್ಲಿ ಸುಮಾರು ಮುನ್ನೂರು ವರ್ಷ ಇತ್ತು. 1798ರಲ್ಲಿ ಫ್ರೆಂಚ್ ಸೈನ್ಯ ರೋಮಿನಲ್ಲಿದ್ದಾಗ ಆ ಚರ್ಚ್ ಕೆಡವಿದರು. ಅದನ್ನು ನೋಡಿಕೊಳ್ಳುತ್ತಿದ್ದ ಅಗಸ್ಟೀನ್ ಸನ್ಯಾಸಿ ಸಭೆಯವರು ಚಿತ್ರವನ್ನು ಉಳಿಸಿಕೊಂಡರು. ಆದರೆ ಕೊನೆಗೆ ಅದು ಒಂದು ಸಣ್ಣ ಪ್ರಾರ್ಥನಾ ಕೋಣೆಯಲ್ಲಿ ಯಾರೂ ಕೇಳದೆ ಉಳಿಯಿತು. ಕಣ್ಣು ಮಂಜಾದ ಒಬ್ಬ ಮುದುಕ ಬ್ರದರ್ ಮಾತ್ರ ಪೂಜೆಗೆ ಸಹಾಯ ಮಾಡಲು ಬರುತ್ತಿದ್ದ ಹುಡುಗನಿಗೆ, ಈ ಮಾತೆ ಹಿಂದೆ ಸಂತ ಮತ್ತಾಯರ ಚರ್ಚಿನಲ್ಲಿದ್ದಳು, ಮರೀಬೇಡ ಅಂತ ಮತ್ತೆ ಮತ್ತೆ ಹೇಳುತ್ತಿದ್ದನಂತೆ. ಆ ಹುಡುಗ ಮಿಕೇಲೆ ಮಾರ್ಕಿ ದೊಡ್ಡವನಾಗಿ ಸೇರಿದ್ದು ರಿಡೆಂಪ್ಟರಿಸ್ಟ್ ಅನ್ನುವ ಇನ್ನೊಂದು ಗುರುಗಳ ಸಭೆಗೆ. ಅವರು ಸಂತ ಅಲ್ಫೋನ್ಸರ ಚರ್ಚ್ ಕಟ್ಟಿದ್ದು ಆ ಹಳೆ ಚರ್ಚ್ ಇದ್ದ ಕಡೆಯೇ. ವಿಷಯ ಪೋಪ್ 9ನೇ ಪಯಸ್‌ವರೆಗೆ ಹೋಯಿತು. ಅವರ ಅಪ್ಪಣೆಯಂತೆ 1866ರ ಏಪ್ರಿಲ್ 26ರಂದು ಚಿತ್ರ ಮೆರವಣಿಗೆಯಲ್ಲಿ ಸಾಗಿ ಅಲ್ಲಿ ನೆಲೆ ನಿಂತಿತು. ಲೋಕಕ್ಕೆಲ್ಲ ಈಕೆಯ ಪರಿಚಯ ಮಾಡಿಸಿ ಅಂತ ಪೋಪ್ ಹೇಳಿದರು ಅನ್ನುತ್ತಾರೆ. ಆಮೇಲೆ ನಕಲುಗಳ ಹೊಳೆಯೇ ಹರಿಯಿತು. ಅದರ ಒಂದು ಹನಿ ವಾಡಿಯ ಗೋಡೆಯ ಮೇಲೆ.

ಸ್ವಚ್ಛ ಮಾಡೋದಕ್ಕೆ ಬರೋಣ. ನಾನು ಮೂರು ಸಲ ವಾಡಿಗೆ ಹೋದೆ. ಮೊದಲ ದಿನ ಬರೀ ಧೂಳು. ಮೆತ್ತನೆಯ ಅಗಲ ಕುಂಚ ಬೇಕು, ಮೇಕೆ ಕೂದಲಿನದು ಸಾಕು. ಪಟವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ನಿಲ್ಲಿಸಿ ಮೇಲಿನಿಂದ ಕೆಳಗೆ ಸವರಿ. ಧೂಳು ಚಿತ್ರದ ಮೇಲೆ ಬೀಳದೆ ನೆಲಕ್ಕೆ ಬೀಳಬೇಕು. ಎದ್ದ ಬಣ್ಣದ ಮೂಲೆಯಿಂದ ಒಂದು ಗೇಣು ದೂರ ಇರಿ. ಬೆನ್ನಿನ ಕಡೆ, ಕೆಳಗಿನ ಚೌಕಟ್ಟಿಗೂ ಬಟ್ಟೆಗೂ ನಡುವಿನ ಸಂದಿಯಲ್ಲಿ, ಕಸ ತುಂಬಿಕೊಂಡು ಬಟ್ಟೆ ಉಬ್ಬಿರುತ್ತದೆ. ವಾಡಿಯದರಲ್ಲಿ ಮೂರು ಮೊಳೆ, ಒಂದು ಜಪಸರದ ಮಣಿ, ಒಂದು ಮುಷ್ಟಿ ಧೂಳು ಇತ್ತು. ಊರಲ್ಲಿ ಸಿಮೆಂಟ್ ಕಾರ್ಖಾನೆ ಇದೆಯಲ್ಲ, ಧೂಳಿಗೆ ಬರ ಇಲ್ಲ. ಮಣಿಯನ್ನು ಅಮ್ಮ ಸೆರಗಿನ ತುದಿಗೆ ಕಟ್ಟಿಕೊಂಡರು.

ಎರಡನೇ ದಿನ ಮಸಿ. ಮೇಣದಬತ್ತಿ ಮಸಿ ಜಿಡ್ಡು. ಒದ್ದೆ ಬಟ್ಟೆ ತಾಗಿಸಿದರೆ ಕಾಡಿಗೆಯ ಹಾಗೆ ಹರಡಿಕೊಂಡು ಬಿರುಕಿನೊಳಗೆ ಕೂರುತ್ತದೆ. ಇದಕ್ಕೆ ಮಸಿ ತೆಗೆಯುವ ಒಣ ರಬ್ಬರ್ ಸ್ಪಂಜು ಬರುತ್ತದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಣ್ಣ ತುಂಡು ಕತ್ತರಿಸಿ, ಒತ್ತದೆ, ಗಟ್ಟಿಯಾಗಿರುವ ಬಣ್ಣದ ಮೇಲೆ ಮಾತ್ರ ಮೆಲ್ಲಗೆ ಸವರಿ. ಕಪ್ಪಾದ ಮುಖ ಕತ್ತರಿಸಿ ಎಸೆದು ಮತ್ತೆ ಹೊಸ ಮುಖ. ದೇವದೂತರ ರೆಕ್ಕೆಗಳು ಅವತ್ತು ಸಂಜೆ ಹೊತ್ತಿಗೆ ಬೂದಿಯಿಂದ ಹಸಿರಿಗೆ ಬಂದವು.

ಮೂರನೇ ದಿನ ಹತ್ತಿ ಮತ್ತು ನೀರು. ಇಲ್ಲಿ ಎಚ್ಚರ ಜಾಸ್ತಿ ಬೇಕು. ಬ್ಯಾನರ್ ಬರೆಯುವವರು ಬಟ್ಟೆಗೆ ಮೊದಲು ಅಂಟು ಮತ್ತು ಬಿಳಿ ಪುಡಿ ಬಳಿದು ಒಣಗಿಸಿ, ಮೇಲೆ ಎಣ್ಣೆ ಬಣ್ಣ ಹಚ್ಚುತ್ತಿದ್ದರು. ಆ ಅಂಟು ನೀರು ಕುಡಿದರೆ ಉಬ್ಬುತ್ತದೆ, ಬಟ್ಟೆ ಕುಗ್ಗುತ್ತದೆ, ಮೇಲಿನ ಬಣ್ಣ ಹಾರುತ್ತದೆ. ಆದ್ದರಿಂದ ಬಿರುಕಿದ್ದ ಕಡೆ ನೀರು ಬೇಡವೇ ಬೇಡ. ಗಟ್ಟಿ ಇರುವ ಕಡೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ನಮ್ಮ ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಬಿದಿರು ಕಡ್ಡಿಯ ತುದಿಗೆ ಹತ್ತಿಯನ್ನು ಬಿಗಿಯಾಗಿ ಸುತ್ತಿ, ಅದ್ದಿ, ಪೇಪರಿನ ಮೇಲೆ ಒತ್ತಿ ನೀರು ತೆಗೆಯಿರಿ. ಹತ್ತಿ ಒದ್ದೆ ಅನಿಸಬೇಕು, ತೊಟ್ಟಿಕ್ಕಬಾರದು. ಮೊದಲು ಕಟ್ಟಿನ ಅಂಚಿನ ಕೆಳಗೆ ಅಡಗಿದ್ದ ಕಡೆ, ಉಗುರಿನಗಲ ಜಾಗದಲ್ಲಿ ಪ್ರಯತ್ನ ಮಾಡಿ. ತಿಕ್ಕಬೇಡಿ, ಉರುಳಿಸಿ. ಹತ್ತಿಗೆ ಕಂದು ಬಂದರೆ ಕೊಳೆ. ನೀಲಿ, ಕೆಂಪು, ಹಸಿರು ಏನಾದರೂ ಬಂದರೆ ಅಲ್ಲಿಗೇ ನಿಲ್ಲಿಸಿ. ಹೀಗೆ ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಪರೀಕ್ಷೆ ಆಗಬೇಕು. ನೀಲಿ ತಡೆದುಕೊಂಡಿತು ಅಂತ ಕೆಂಪೂ ತಡೆದುಕೊಳ್ಳುತ್ತದೆ ಅಂತಿಲ್ಲ.

ಕಟ್ಟಿನ ಕೆಳಗೆ ಅಡಗಿದ್ದ ಆ ಅಂಚು ಇನ್ನೊಂದು ವಿಷಯಕ್ಕೂ ಬೇಕು. ಅಲ್ಲಿ ಬೆಳಕೂ ಮಸಿಯೂ ತಾಗಿರಲ್ಲ. ಚಿತ್ರ ಹೊಸದಾಗಿದ್ದಾಗ ಹೇಗಿತ್ತು ಅಂತ ಅದೇ ಹೇಳುತ್ತದೆ. ವಾಡಿಯಲ್ಲಿ ಮಾತೆಯ ಹೊದಿಕೆ ಹೊರಗೆ ಕಪ್ಪು, ಅಂಚಿನಲ್ಲಿ ಮೊಳಕೈ ಹತ್ತಿರ ನವಿಲಿನ ಕುತ್ತಿಗೆಯ ನೀಲಿ. ಅಮ್ಮನಿಗೆ ತೋರಿಸಿದೆ. ಬಹಳ ಹೊತ್ತು ನೋಡುತ್ತಾ ಕೂತರು. "ಇದೇ ಬಣ್ಣ ಇತ್ತು. ನಾನು ಮರ್ತೇಬಿಟ್ಟಿದ್ದೆ."

ಮುಖದ ಮೇಲಿನ ಜಿಡ್ಡು ಬರೀ ನೀರಿಗೆ ಬಗ್ಗಲಿಲ್ಲ. ನನಗೆ ಕಲಿಸಿದವರು ಇಂಥ ಕಡೆ ಎಂಜಲು ಬಳಸುತ್ತಿದ್ದರು. ತಮಾಷೆಯಲ್ಲ, ದೊಡ್ಡ ಮ್ಯೂಸಿಯಂಗಳಲ್ಲೂ ಮಾಡುತ್ತಾರೆ. ಜೊಲ್ಲಿನಲ್ಲಿ ಅಮೈಲೇಸ್ ಅಂತ ಕಿಣ್ವ ಇದೆ, ನೀರಿಗೆ ಜಗ್ಗದ ಕೊಳೆ ಬಿಡಿಸುತ್ತದೆ. ಕಡ್ಡಿ ಬಾಯಿಯ ಹತ್ತಿರ ತಂದೆ ನೋಡಿ.

"ಮಾಸ್ತರ! ಮಾತೆ ಮಾರಿಗೆ ಉಗುಳು ಹಚ್ತೀರೇನು?"

ವಿವರಿಸಿದೆ. ತಾಯಂದಿರು ಸೆರಗಿಗೆ ಎಂಜಲು ಹಚ್ಚಿ ಮಗುವಿನ ಮುಖ ಒರೆಸಲ್ಲವೇ ಅಂದೆ. "ತಾಯಿ ಮಗುವಿಗಿ ಒರಸ್ತಾಳ್ರಿ. ಮಗು ತಾಯಿಗಿ ಒರಸಂಗಿಲ್ಲ," ಅಂದರು. ವಾದ ಮುಗಿಯಿತು. ನೀರಿನಲ್ಲೇ ಕೂತೆ. ಅರ್ಧ ಗಂಟೆಯ ಕೆಲಸಕ್ಕೆ ಮಧ್ಯಾಹ್ನವಿಡೀ ಹಿಡಿಯಿತು, 84 ಕಡ್ಡಿ ಖರ್ಚಾಯಿತು. ಅಮ್ಮ ಒಂದೊಂದನ್ನೂ ಎಣಿಸುತ್ತಿದ್ದರು.

ಬೇರೆಯವರು ಹೇಳಿಕೊಡುವ ಮನೆಮದ್ದುಗಳ ಬಗ್ಗೆ ಒಂದೇ ಮಾತು: ಬೇಡ. ಕೊಯ್ದ ಆಲೂಗಡ್ಡೆ, ಈರುಳ್ಳಿ, ಬ್ರೆಡ್ಡು, ನಿಂಬೆಹಣ್ಣು, ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಥಿನ್ನರ್. ಆಲೂಗಡ್ಡೆಯ ಪಿಷ್ಟ ಬಿರುಕಿನಲ್ಲಿ ಕೂತು ಬೂಸ್ಟು ಮತ್ತು ಹುಳುಗಳಿಗೆ ಊಟವಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ದಿನ ಪಟ ಫಳಫಳ ಅನ್ನುತ್ತದೆ, ಆಮೇಲೆ ಬಂದ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಹಾಕಬೇಡಿ, ಅದರ ಅಂಟು ಬಟ್ಟೆಯೊಳಗೆ ಇಳಿದು ಹಳದಿಯಾಗುತ್ತದೆ. ಇನ್ನು ಕಟ್ಟು ಹಾಕುವ ಕೆಲವರು ಪಟವನ್ನು ಪ್ಲೈವುಡ್‌ಗೆ ಪೂರ್ತಿ ಅಂಟಿಸಿಬಿಡುತ್ತಾರೆ. ಶಹಾಬಾದಿನ ಒಂದು ಮನೆಯ ಪಟವನ್ನು ಒಂದು ಅಂಗಡಿಯಲ್ಲಿ ಹಾಗೆ ಮಾಡಿಕೊಟ್ಟಿದ್ದರು. ಮಳೆಗಾಲದಲ್ಲಿ ಪ್ಲೈವುಡ್ ಸೊಟ್ಟಗಾದಾಗ ಚಿತ್ರವೂ ಜೊತೆಗೆ ಸೊಟ್ಟಗಾಯಿತು. ಬಿಡಿಸಲು ಯಾರಿಂದಲೂ ಆಗಲಿಲ್ಲ. ಅಂಟಿಸಬೇಡಿ ಅಂತ ಮೊದಲೇ ಬಾಯಿಬಿಟ್ಟು ಹೇಳಿ.

ಹಳದಿಯಾದ ವಾರ್ನಿಷ್ ನಿಮ್ಮ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ. ಅದು ಇದೆಯೋ ಇಲ್ಲವೋ ನೋಡಬೇಕಿದ್ದರೆ ಅಂಗಡಿಯವರು ನೋಟು ಪರೀಕ್ಷೆ ಮಾಡುವ ನೇರಳೆ ಬೆಳಕಿನ ಟಾರ್ಚ್ ತಗೊಳ್ಳಿ, ಕತ್ತಲಲ್ಲಿ ಹಿಡಿಯಿರಿ. ಬೆಳಕನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ಮರದ ರಾಳದ ಹಳೆ ವಾರ್ನಿಷ್ ತಿಳಿ ಹಸಿರಾಗಿ ಮಂಜಿನ ಹಾಗೆ ಹೊಳೆಯುತ್ತದೆ. ಆಮೇಲೆ ಯಾರಾದರೂ ಮೇಲಿಂದ ಬಣ್ಣ ಹಚ್ಚಿದ್ದರೆ ಅಲ್ಲಿ ಸಾಮಾನ್ಯವಾಗಿ ಕಪ್ಪು ತೇಪೆ. ವಾಡಿಯ ಮಾತೆಯ ಎಡ ಭುಜದ ಮೇಲೆ ಅಂಥ ಒಂದು ತೇಪೆ ಕಂಡಿತು. "ಅದು ನಮ್ಮ ಮೈದುನನ ಕಾರಭಾರ," ಅಂತ ನಕ್ಕರು. ಒಂದು ಸಲ ಮನೆಗೆ ಬಣ್ಣ ಹೊಡೆಯುವಾಗ ಉಳಿದ ಪೇಂಟನ್ನು ಭಕ್ತಿಯಿಂದ ಅಲ್ಲೂ ಹಚ್ಚಿದ್ದನಂತೆ.

ಈಗ ಚಪ್ಪಲಿ. ಮಗು ಯೇಸುವಿನ ಕಾಲು ತಿಳಿಯಾಗುತ್ತಾ ಬಂದಂತೆ ನನಗೆ ನಗು ತಡೆಯಲಿಲ್ಲ. ಜೋತಾಡುತ್ತಿದ್ದದ್ದು ಪಕ್ಕಾ ಕೊಲ್ಹಾಪುರಿ ಚಪ್ಪಲಿ. ಹೆಣೆದ ಪಟ್ಟಿ, ಹೆಬ್ಬೆರಳಿಗೆ ಉಂಗುರ, ಮೇಲೊಂದು ಸಣ್ಣ ಗೊಂಡೆ. ಪ್ರಾರ್ಥನೆ ಚೀಟಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಕಾಲಿದ್ದ ಚೌಕದಲ್ಲಿ ಅಚ್ಚು ಮಸುಕು, ಚಪ್ಪಲಿಯ ಜಾಗದಲ್ಲಿ ಒಂದು ಕಂದು ಚುಕ್ಕೆ. ಪಾಪ, ಕಲಾವಿದನಿಗೆ ಏನೂ ಕಂಡಿರಲಿಲ್ಲ. ಗೊತ್ತಿದ್ದದ್ದನ್ನು ಬರೆದಿದ್ದಾನೆ. ಆದರೆ ಎಷ್ಟು ಚಂದ ಬರೆದಿದ್ದಾನೆ! ಮಾತೆಯ ಕೆನ್ನೆಯ ಗುಲಾಬಿ ಛಾಯೆ ನೋಡಿದರೆ ನಮ್ಮೂರಿನ ಎಸ್.ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳನ್ನು ಕಣ್ಣಿಟ್ಟು ನೋಡಿ ಕಲಿತ ಕೈ ಅನಿಸುತ್ತದೆ. ಚಪ್ಪಲಿಯ ಹೊಲಿಗೆಯ ಒಂದೊಂದು ದಾರವೂ ಕೂದಲೆಳೆಯ ಕುಂಚದಲ್ಲಿ ಬಂದಿದೆ.

ಹೈದರಾಬಾದಿನಿಂದ ಬಂದಿದ್ದ ಮಗನಿಗೆ ಮುಜುಗರವಾಯಿತು. ಮೊಬೈಲಿನಲ್ಲಿ ರೋಮಿನ ಚಿತ್ರ ತೆಗೆದು ತೋರಿಸಿದ. "ಸರ್, ಹೆಂಗೂ ಮಾಡ್ಲಿಕತ್ತೀರಿ. ಆ ಚಪ್ಪಲಿ ಒಂದು ಸರಿ ಮಾಡಿಬಿಡ್ರಿ. ಒರಿಜಿನಲ್‌ದಾಗ ಹಿಂಗಿಲ್ಲ."

ಒರಿಜಿನಲ್‌ದೇ ಕಥೆ ಹೇಳಿದೆ. ಅದಕ್ಕೂ ಕೈ ಹಾಕಿದ್ದಾರೆ. 1866ರಲ್ಲಿ ಜನರ ಮುಂದಿಡುವ ಮುಂಚೆ ಲಿಯೋಪೋಲ್ಡ್ ನೊವೊಟ್ನಿ ಅನ್ನುವ ಪೋಲೆಂಡಿನ ಚಿತ್ರಕಾರ ಅದನ್ನು ದುರಸ್ತಿ ಮಾಡಿದ. ಆ ಕಾಲದಲ್ಲಿ ದುರಸ್ತಿ ಅಂದರೆ ಹಾಳಾದ ಕಡೆ ಹೊಸ ಬಣ್ಣ ಕೊಟ್ಟು ಚಂದ ಕಾಣಿಸೋದು. 1990ರ ದಶಕದಲ್ಲಿ ವ್ಯಾಟಿಕನ್ ಮ್ಯೂಸಿಯಂನವರು ಪರೀಕ್ಷೆ ಮಾಡಿದಾಗ ಎಕ್ಸ್-ರೇ, ಇನ್‌ಫ್ರಾರೆಡ್ ಎಲ್ಲ ಬಳಸಿ ಪದರ ಪದರವಾಗಿ ನೋಡಬೇಕಾಯಿತು. ಹಲಗೆಯ ಮರ 1325ರಿಂದ 1480ರ ನಡುವಿನದು ಅಂತ ಕಾರ್ಬನ್ ಪರೀಕ್ಷೆಯಲ್ಲಿ ಬಂತು. ಇಂದಿನ ರೀತಿ ಬೇರೆ. ರೋಮಿನಲ್ಲೇ 1939ರಲ್ಲಿ ಶುರುವಾದ ದುರಸ್ತಿ ಸಂಸ್ಥೆಯಲ್ಲಿ ಚೇಸರೆ ಬ್ರಾಂದಿ ಮತ್ತು ಅವರ ಜೊತೆಯವರು ಒಂದು ಪದ್ಧತಿ ತಂದರು. ಬಣ್ಣ ಪೂರ್ತಿ ಉದುರಿಹೋದ ಜಾಗದಲ್ಲಿ ಮಾತ್ರ, ಸಣ್ಣ ಸಣ್ಣ ನಿಂತ ಗೆರೆಗಳಲ್ಲಿ ಬಣ್ಣ ತುಂಬೋದು. ದೂರದಿಂದ ಚಿತ್ರ ಪೂರ್ತಿಯಾಗಿ ಕಾಣುತ್ತದೆ, ಹತ್ತಿರ ಬಂದರೆ ಇದು ಆಮೇಲೆ ತುಂಬಿದ್ದು ಅಂತ ಗೊತ್ತಾಗುತ್ತದೆ. ಅದನ್ನು ಬೇಕಾದಾಗ ತೆಗೆಯಲೂ ಬರಬೇಕು. ಇದ್ದ ಬಣ್ಣದ ಮೇಲೆ ಬಣ್ಣ ಹಚ್ಚುವ ಹಾಗಿಲ್ಲ. ಚಪ್ಪಲಿಯ ಬಣ್ಣ ಒಂದು ಸಾಸಿವೆಯಷ್ಟೂ ಉದುರಿಲ್ಲ, ನಾನು ಮುಟ್ಟಲ್ಲ ಅಂದೆ. ಮಗ ತಾಯಿಯ ಮುಖ ನೋಡಿದ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಎದ್ದ ಬಣ್ಣದ ಮೂಲೆ ಹಾಗೇ ಉಳಿದಿತ್ತು. ಅದನ್ನು ತಜ್ಞರೇ ಕೂರಿಸಬೇಕು. ಎದ್ದ ಒಂದೊಂದು ಹೋಳಿನ ಕೆಳಗೆ ತೆಳು ಅಂಟು ಬಿಟ್ಟು, ಸಣ್ಣ ಬಿಸಿ ಕರಣೆಯಿಂದ ಹದವಾಗಿ ಒತ್ತುತ್ತಾರೆ. ಬಣ್ಣ ಏಳುತ್ತಿದ್ದರೆ, ಬೂಸ್ಟು ಬಂದಿದ್ದರೆ, ಬಟ್ಟೆ ಹರಿದಿದ್ದರೆ, ಗೆದ್ದಲು ಹತ್ತಿದ್ದರೆ ನೀವೂ ಹೊರಗೆ ಕೊಡಲೇಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಹಳೆಯ ಪರಂಪರೆಯ ವಸ್ತುಗಳನ್ನು ಕಾಪಾಡುವ ಸಂಸ್ಥೆಯಾದ ಇನ್‌ಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ವಿಚಾರಿಸಬಹುದು. ಏನು ಮಾಡುತ್ತಾರೆ, ಎಷ್ಟಾಗುತ್ತದೆ ಅಂತ ಬರಹದಲ್ಲಿ ಕೇಳಿ. ಹೊಸದರಂತೆ ಮಾಡಿಕೊಡ್ತೀವಿ ಅಂತ ಯಾರಾದರೂ ಅಂದರೆ ಪಟ ಬಗಲಲ್ಲಿಟ್ಟುಕೊಂಡು ಎದ್ದು ಬನ್ನಿ.

ಆದರೆ ಈ ಮಾತೆ ಹೊಸ್ತಿಲು ದಾಟಲ್ಲವಲ್ಲ. ರೋಮಿನ ಆ ಹೆಂಗಸಿನ ಕಥೆ ಮತ್ತೊಮ್ಮೆ ಹೇಳಿದೆ. ಅಮ್ಮ ಜಾಣೆ, ಯಾಕೆ ಹೇಳುತ್ತಿದ್ದೇನೆ ಅಂತ ಕೂಡಲೇ ಗೊತ್ತಾಯಿತು. "ಕಳಸ್ತೀನ್ರಿ. ಖರೇ ನಾನೂ ಜೋಡಿ ಬರ್ತೀನಿ."

ಹೀಗಾಗಿ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮೂರು ಜನ ಮತ್ತು ಒಬ್ಬ ಮಾತೆ. ಸಾಗಿಸುವ ಕ್ರಮ ಹೇಳಿಬಿಡುತ್ತೇನೆ. ಬಣ್ಣ ಏಳುತ್ತಿರುವ ಪಟದ ಮುಖಕ್ಕೆ ಬಟ್ಟೆ, ಪೇಪರ್, ಗುಳ್ಳೆ ಪ್ಲಾಸ್ಟಿಕ್ ಏನೂ ತಾಗಬಾರದು. ಪಟಕ್ಕಿಂತ ನಾಲ್ಕು ಬೆರಳು ದೊಡ್ಡದಾದ, ಆಳವಾದ ರಟ್ಟಿನ ಪೆಟ್ಟಿಗೆ ಮಾಡಿ. ತಳಕ್ಕೆ ಫೋಮ್ ಹಾಕಿ, ಪಟ ಅಲುಗದ ಹಾಗೆ ನಾಲ್ಕು ಮೂಲೆಗೂ ಫೋಮ್ ಒತ್ತಿ, ಮುಖ ಮೇಲೆ ಮಾಡಿ ಮಲಗಿಸಿ. ಮುಚ್ಚಳ ಮುಖದಿಂದ ಮೂರು ಇಂಚಾದರೂ ಮೇಲಿರಲಿ. ಉದುರಿದ ಹೋಳು ಸಿಕ್ಕರೆ ಸಣ್ಣ ಡಬ್ಬಿಯಲ್ಲಿ ಹಾಕಿ ಜೊತೆಗೇ ಕೊಡಿ, ಅವರು ಅದನ್ನೇ ಮತ್ತೆ ಕೂರಿಸಬಲ್ಲರು. ರೈಲಿನಲ್ಲಿ ನಾವು ಪೆಟ್ಟಿಗೆಯನ್ನು ಸೀಟಿನ ಕೆಳಗೆ ಇಟ್ಟೆವು. ರಾಯಚೂರು ದಾಟಿದ ಮೇಲೆ ಎಚ್ಚರವಾಗಿ ನೋಡಿದರೆ ಅಮ್ಮ ಎದ್ದು ಕೂತಿದ್ದರು, ಜಪಸರ ಹಿಡಿದು, ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು. ಮಾತೆಯ ಮೇಲೆ ಕಾಲು ಚಾಚುವುದು ಹೇಗೆ ಅಂತ.

ಮೂರು ತಿಂಗಳ ಮೇಲೆ ಪಟ ಬಂತು. ತೂಗುಹಾಕುವ ಜಾಗ ಈ ಸಲ ಬದಲಾಯಿಸಿದೆವು. ನಮ್ಮ ಕಡೆ ಬೇಸಿಗೆಯಲ್ಲಿ 42, 43 ಡಿಗ್ರಿ ಏರುತ್ತದೆ. ಬಿಸಿಲು ಬೀಳುವ ಪಡುವಣ ಗೋಡೆ ರಾತ್ರಿ ಹತ್ತಾದರೂ ಕಾದಿರುತ್ತದೆ. ಅದಕ್ಕಿಂತ ಕೆಟ್ಟದ್ದು ನೀರಿನ ಕೂಲರ್. ಹಗಲೆಲ್ಲ ಒಣ ಬಿಸಿ, ಸಂಜೆ ಕೂಲರ್ ಹಾಕಿದ ಕೂಡಲೇ ಒದ್ದೆ ಗಾಳಿ ನೇರ ಪಟಕ್ಕೆ. ಬಟ್ಟೆ ಹಿಗ್ಗುವುದು, ಕುಗ್ಗುವುದು, ಹಿಗ್ಗುವುದು, ಕುಗ್ಗುವುದು. ಬಣ್ಣ ಎಷ್ಟು ದಿನ ತಡೆದೀತು? ಅಮ್ಮನ ಮನೆಯ ಕೂಲರ್ ಆ ಎಡಮೂಲೆಗೇ ಗುರಿಯಿಟ್ಟ ಹಾಗಿತ್ತು, ಕೆಳಗೆ ಮೇಣದಬತ್ತಿ ಬೇರೆ. ಈಗ ಪಟ ಒಳಗಿನ ಗೋಡೆಗೆ ಬಂದಿದೆ. ಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದ್ದೇನೆ, ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡಲಿ ಅಂತ. ಬೆನ್ನಿಗೆ ಹೊಸ ರಟ್ಟು. ಮೇಣದಬತ್ತಿ ಎರಡು ಅಡಿ ಮುಂದೆ, ಪಕ್ಕದ ಮೇಜಿನ ಮೇಲೆ. ಹೂವಿನ ಮಾಲೆಯನ್ನು ಕಟ್ಟಿನ ಮೇಲೆ ಹಾಕುವ ಬದಲು ಕೆಳಗೆ ಬೇರೆ ಮೊಳೆಗೆ. ಒದ್ದೆ ಚೆಂಡುಹೂ ಎರಡೇ ದಿನದಲ್ಲಿ ಮರಕ್ಕೂ ಬಟ್ಟೆಗೂ ಕಲೆ ಹಚ್ಚುತ್ತದೆ. ನುಸಿಗುಳಿಗೆಯನ್ನು ಪಟದ ಹಿಂದೆ ಸಿಕ್ಕಿಸುವ ಅಭ್ಯಾಸ ಇದ್ದರೆ ಬಿಡಿ.

ಕೊನೆಯ ಕೆಲಸ ಚೀಟಿ ಬರೆಯೋದು. ಯಾವತ್ತು, ಏನು, ಯಾವುದರಿಂದ ಮಾಡಿದಿರಿ ಅಂತ ಬರೆದು, ಒಂದು ಲಕೋಟೆಯಲ್ಲಿ ಹಾಕಿ, ಬೆನ್ನಿನ ರಟ್ಟಿನ ಹೊರಗೆ ಕಟ್ಟಿ. ಬಾಲ್ ಪೆನ್ ಬೇಡ, ಪೆನ್ಸಿಲ್ ಇರಲಿ. ಮುಂದೆ ಯಾರಾದರೂ ಬಿಚ್ಚಿದಾಗ ಊಹೆ ಮಾಡುತ್ತಾ ಕೂರಬಾರದು. ನಾನು ಅಮ್ಮನ ಎದುರು ಕೂತು ಬರೆದೆ. ಬಟ್ಟೆ ಮಾಂಜರಪಾಟ್, 1967, ಗುಲ್ಬರ್ಗದ ಬ್ಯಾನರ್ ಕಲಾವಿದ, ಹೆಸರು ಗೊತ್ತಿಲ್ಲ. ಮಸಿ ಒಣ ಸ್ಪಂಜಿನಿಂದ, ಮುಖ ಡಿಸ್ಟಿಲ್ಡ್ ನೀರಿನಿಂದ. ಎಡಮೂಲೆಯ ಬಣ್ಣ ಕೂರಿಸಿದ್ದು ಬೆಂಗಳೂರಿನಲ್ಲಿ. ವಾರ್ನಿಷ್ ತೆಗೆದಿಲ್ಲ. ಭುಜದ ಮೇಲಿನ ಪೇಂಟ್ ತೆಗೆದಿಲ್ಲ. ಹಳೆ ಪೇಪರ್ ಮತ್ತು ಪ್ರಾರ್ಥನೆ ಚೀಟಿ ಇದೇ ಲಕೋಟೆಯಲ್ಲಿದೆ.

ಓದಿ ಹೇಳಿದೆ. ಅಮ್ಮ ಪೆನ್ಸಿಲ್ ಕೇಳಿ ತಗೊಂಡರು. ಕೈ ನಡುಗುತ್ತಿತ್ತು, ಆದರೆ ಅಕ್ಷರ ದುಂಡಗೆ. ನನ್ನ ಸಾಲಿನ ಕೆಳಗೆ ಬರೆದರು: "ಚಪ್ಪಲಿ ನಮ್ಮವರು ಲಗ್ನದಾಗ ಹಾಕೊಂಡಿದ್ದು ನೋಡಿ ಬರೆದದ್ದು. ಹಂಗೇ ಇರಲಿ."